ಓದುಗರ ಪ್ರಶ್ನೆ: ಅಗ್ಗದ ಕಾಗದ, ಓದುಗರ ಕಾಗದ

ಹಿಂದಿನ ಸಂಚಿಕೆಯಲ್ಲಿ ಹಳೆಯ ವಿಜ್ಞಾನ ಕಥೆಗಳ ಪತ್ರಿಕೆಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. 1920 ಮತ್ತು 30ರ ದಶಕದಲ್ಲಿ ಅಮೆರಿಕದಲ್ಲಿ ಅಗ್ಗದ ಕಾಗದದ ಮೇಲೆ ಅಚ್ಚಾಗಿ, 'ಪಲ್ಪ್' ಅಂತಲೇ ಹೆಸರಾದ ಪತ್ರಿಕೆಗಳು ಅವು. ಇಷ್ಟು ಜನ ಬರೆಯುತ್ತೀರಿ ಅಂತ ನಾನು ಎಣಿಸಿರಲಿಲ್ಲ. ಮೈಸೂರು, ಮಂಡ್ಯ ಕಡೆಯಿಂದಲೇ ಜಾಸ್ತಿ ಕಾಗದ ಬಂದಿವೆ. ಹಾಗಾಗಿ ಈ ಸಲ ಅಡುಗೆ, ಆರೋಗ್ಯದ ಪ್ರಶ್ನೆಗಳಿಗೆ ರಜೆ. ಪೂರ್ತಿ ಅಂಕಣ ಇದಕ್ಕೇ.

ಅಕ್ಕ, ಪಲ್ಪ್ ಅಂದರೆ ಹಣ್ಣಿನ ತಿರುಳು ಅಲ್ವಾ? ಪತ್ರಿಕೆಗೆ ಯಾಕೆ ಆ ಹೆಸರು? ನಮ್ಮ ಕಾಲೇಜಿನಲ್ಲಿ ಇಂಥ ಕಥೆ ಓದುವವಳು ನಾನೊಬ್ಬಳೇ, ಕೇಳೋಣ ಅಂದರೆ ಯಾರೂ ಇಲ್ಲ.
– ಪಿಯುಸಿ ವಿದ್ಯಾರ್ಥಿನಿ, ಮಂಡ್ಯ

ತಿರುಳೇ, ಆದರೆ ಮರದ ತಿರುಳು. ನಿನಗೆ ಇದನ್ನು ಹೇಳುವುದು ಸುಲಭ, ಯಾಕೆಂದರೆ ನೀನು ಕಬ್ಬಿನ ಊರಿನವಳು. ಗಾಣದಲ್ಲಿ ಹಾಲು ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆಯನ್ನು ನೋಡಿರುತ್ತೀಯ. ಅದನ್ನು ಬೇಯಿಸಿ, ಅರೆದು, ನಾರು ಬಿಡಿಸಿ ಹಾಳೆ ಮಾಡಬಹುದು. ನಿಮ್ಮ ಜಿಲ್ಲೆಯ ಬೆಳಗೊಳದ ಪೇಪರ್ ಮಿಲ್ಲಿನಲ್ಲಿ ಅದನ್ನೇ ಮಾಡುತ್ತಿದ್ದರು. ಅಮೆರಿಕದಲ್ಲಿ ಮರವನ್ನು ಹೀಗೆ ಅರೆಯುತ್ತಿದ್ದರು. ಒಳ್ಳೆಯ ಕಾಗದ ಬೇಕಾದರೆ ಮರದೊಳಗಿನ ಲಿಗ್ನಿನ್ ಅನ್ನುವ ಅಂಟು ಪದಾರ್ಥವನ್ನು ತೆಗೆದುಹಾಕಬೇಕು. ಅದಕ್ಕೆ ಖರ್ಚು ಹಿಡಿಯುತ್ತದೆ. ತೆಗೆಯದೆ ಹಾಗೇ ಹಾಳೆ ಮಾಡಿದರೆ ಅಗ್ಗ. ಒರಟಾಗಿರುತ್ತದೆ, ದಪ್ಪಗಿರುತ್ತದೆ, ಬೇಗ ಹಳದಿಯಾಗುತ್ತದೆ.

ಫ್ರಾಂಕ್ ಮನ್ಸಿ ಅನ್ನುವ ಪ್ರಕಾಶಕರು 1896ರಲ್ಲಿ ತಮ್ಮ 'ಆರ್ಗೊಸಿ' ಪತ್ರಿಕೆಯನ್ನು ಈ ಕಾಗದಕ್ಕೆ ಇಳಿಸಿದರು. ಒಳಗೆ ಚಿತ್ರ ಇಲ್ಲ, ಲೇಖನ ಇಲ್ಲ, ಬರೀ ಕಥೆ. ಹೀಗೆ ಮಾಡಿದ್ದರಿಂದ ಕೂಲಿ ಮಾಡುವವರೂ, ಅಂಗಡಿ ಹುಡುಗರೂ ಕಿಸೆಯಿಂದ ಚಿಲ್ಲರೆ ತೆಗೆದು ಕೊಳ್ಳುವ ಹಾಗಾಯಿತು. ಕೌಬಾಯ್ ಕಥೆ, ಪತ್ತೇದಾರಿ, ಪ್ರೇಮಕಥೆ, ಸಮುದ್ರಯಾನ, ಎಲ್ಲಕ್ಕೂ ಒಂದೊಂದು ಪಲ್ಪ್ ಹುಟ್ಟಿತು. ಅಳತೆ ಸಾಮಾನ್ಯವಾಗಿ 7 ಇಂಚು ಅಗಲ, 10 ಇಂಚು ಉದ್ದ. ಹೊರಗಿನ ರಕ್ಷಾಪುಟ ಮಾತ್ರ ನುಣುಪು, ಬಣ್ಣ ಕಣ್ಣಿಗೆ ರಾಚುವಷ್ಟು. ಯಾಕೆಂದರೆ ಅಂಗಡಿಯ ಸಾಲಿನಲ್ಲಿ ಐವತ್ತು ಪತ್ರಿಕೆಗಳ ನಡುವೆ ಅದು ಗಿರಾಕಿಯನ್ನು ಕೂಗಿ ಕರೆಯಬೇಕಿತ್ತು. ನಮ್ಮಲ್ಲಿ ಬಸ್ ಸ್ಟ್ಯಾಂಡಿನಲ್ಲಿ ತೂಗುಹಾಕಿರುತ್ತಿದ್ದ ಪತ್ತೇದಾರಿ ಪಾಕೆಟ್ ಪುಸ್ತಕಗಳನ್ನು ನೆನೆಸಿಕೋ, ಅಥವಾ ಮನೆಯಲ್ಲಿ ದೊಡ್ಡವರನ್ನು ಕೇಳು, ಹೇಳುತ್ತಾರೆ.

ನೀನೊಬ್ಬಳೇ ಅಂದೆಯಲ್ಲ, ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಜೂಲ್ಸ್ ವರ್ನ್, ವೆಲ್ಸ್ ಇವರೆಲ್ಲ 19ನೇ ಶತಮಾನದಲ್ಲೇ ಬರೆದಾಗಿತ್ತು. ಹಾಗಿದ್ದೂ 1926ರ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆಯನ್ನು ಆರಂಭ ಅನ್ನುವುದು, ಅದರ ಸಂಪಾದಕ ಹ್ಯೂಗೊ ಗರ್ನ್ಸ್‌ಬ್ಯಾಕ್‌ರನ್ನು ಪಿತಾಮಹ ಅನ್ನುವುದು ಎಷ್ಟು ಸರಿ? ನನಗೆ ಇದು ಅತಿ ಅನಿಸುತ್ತದೆ.
– ನಿವೃತ್ತ ಶಿಕ್ಷಕರು, ಜಯಲಕ್ಷ್ಮೀಪುರಂ, ಮೈಸೂರು

ಮೇಷ್ಟ್ರೇ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಕಥೆಗಳು ಮೊದಲೇ ಇದ್ದವು. ವಿಚಿತ್ರ ಕಥೆಗಳಿಗಾಗಿ 'ವಿಯರ್ಡ್ ಟೇಲ್ಸ್' 1923ರ ಮಾರ್ಚ್‌ನಲ್ಲೇ ಬಂದಿತ್ತು. ಮಂಗಳಗ್ರಹದ ಸಾಹಸ ಬರೆದ ಎಡ್ಗರ್ ರೈಸ್ ಬರೋಸ್ 1912ರಲ್ಲೇ 'ಆಲ್-ಸ್ಟೋರಿ' ಅನ್ನುವ ಪಲ್ಪ್‌ನಲ್ಲಿ ಧಾರಾವಾಹಿ ಬರೆದು ಮುಗಿಸಿದ್ದರು. ಅಷ್ಟೇ ಯಾಕೆ, 'ಅಮೇಜಿಂಗ್' ಮೊದಲ ಸಂಚಿಕೆ ತೆರೆದರೆ ಅದರಲ್ಲಿರುವುದೆಲ್ಲ ಮರುಮುದ್ರಣ! ವರ್ನ್, ವೆಲ್ಸ್, ಎಡ್ಗರ್ ಅಲನ್ ಪೋ, ಜೊತೆಗೆ ಬೇರೆ ಪತ್ರಿಕೆಗಳಲ್ಲಿ ಬಂದಿದ್ದ ಇನ್ನು ಮೂರು ಕಥೆ. ಹೊಸ ಕಥೆ ಒಂದೂ ಇಲ್ಲ.

ಆದರೂ ನಾನು 1926ರ ಏಪ್ರಿಲ್ ಅನ್ನು ದೊಡ್ಡ ತಿಂಗಳು ಅಂತಲೇ ಎಣಿಸುತ್ತೇನೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಗರ್ನ್ಸ್‌ಬ್ಯಾಕ್ ಕಥೆಗಾರರಾಗಿ ಬಂದವರಲ್ಲ. ಲಕ್ಸೆಂಬರ್ಗ್‌ನಲ್ಲಿ ಹುಟ್ಟಿ 1904ರಲ್ಲಿ, 19ನೇ ವಯಸ್ಸಿನಲ್ಲಿ, ಅಮೆರಿಕಕ್ಕೆ ಬಂದವರು. ರೇಡಿಯೊ ಬಿಡಿಭಾಗ ತರಿಸಿ ಮಾರುತ್ತಿದ್ದರು. ಮನೆಯಲ್ಲೇ ರೇಡಿಯೊ ಕಟ್ಟುವ ಹುಡುಗರಿಗಾಗಿ 1908ರಲ್ಲಿ 'ಮಾಡರ್ನ್ ಎಲೆಕ್ಟ್ರಿಕ್ಸ್' ಅಂತ ಪತ್ರಿಕೆ ಶುರು ಮಾಡಿದರು. 1911ರಲ್ಲಿ ಅದರಲ್ಲೇ ಮುಂದಿನ ಕಾಲದ ಒಂದು ಕಾದಂಬರಿಯನ್ನು ತಾವೇ ಕಂತುಕಂತಾಗಿ ಬರೆದರು. 1925ರಲ್ಲಿ ನ್ಯೂಯಾರ್ಕ್‌ನಲ್ಲಿ ತಮ್ಮದೇ ರೇಡಿಯೊ ನಿಲಯ ತೆರೆದರು. ಮೈಸೂರಿನವರಿಗೆ ಇಂಥ ಹುಚ್ಚು ಹೊಸದಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪುಟ್ಟದೊಂದು ಪ್ರಸಾರ ಕೇಂದ್ರ ನಡೆಸಿದರಲ್ಲ, 'ಆಕಾಶವಾಣಿ' ಅನ್ನುವ ಹೆಸರು ದೇಶಕ್ಕೆಲ್ಲ ಹಬ್ಬಿದ್ದು ಅಲ್ಲಿಂದಲೇ ಅಲ್ವಾ? ಹೊಸ ಯಂತ್ರ ಕಂಡರೆ ಅದನ್ನು ನಾಲ್ಕು ಜನರಿಗೆ ಹಂಚುವವರೆಗೆ ನಿದ್ದೆ ಬಾರದ ಜಾತಿ ಇವರೆಲ್ಲ.

ಗರ್ನ್ಸ್‌ಬ್ಯಾಕ್ ಮಾಡಿದ್ದು ಏನೆಂದರೆ, ಅಲ್ಲೊಂದು ಇಲ್ಲೊಂದು ಚದುರಿದ್ದ ಕಥೆಗಳಿಗೆ ಒಂದು ಮನೆ ಕಟ್ಟಿದರು. ಅದಕ್ಕೊಂದು ಹೆಸರಿಟ್ಟರು. ಮೊದಲು ಇಟ್ಟ ಹೆಸರು 'ಸೈಂಟಿಫಿಕ್ಷನ್'. ನಾಲಿಗೆಗೆ ತೊಡಕು, ನಿಲ್ಲಲಿಲ್ಲ. 1929ರಲ್ಲಿ ಅವರ ಕಂಪನಿ ದಿವಾಳಿಯಾಗಿ 'ಅಮೇಜಿಂಗ್' ಕೈತಪ್ಪಿತು. ಸುಮ್ಮನೆ ಕೂರದೆ ಅದೇ ವರ್ಷದ ಜೂನ್‌ನಲ್ಲಿ 'ಸೈನ್ಸ್ ವಂಡರ್ ಸ್ಟೋರೀಸ್' ತಂದರು. ಈಗ ನಾವೆಲ್ಲ ಹೇಳುವ 'ಸೈನ್ಸ್ ಫಿಕ್ಷನ್' ಅನ್ನುವ ಮಾತು ಜನರ ಬಾಯಿಗೆ ಬಂದದ್ದು ಆಗ. ಕಥೆಯಲ್ಲಿ 75 ಪಾಲು ಸಾಹಿತ್ಯ, 25 ಪಾಲು ವಿಜ್ಞಾನ ಇರಬೇಕು ಅನ್ನುವುದು ಅವರ ಲೆಕ್ಕ. ಎಲ್ಲ ಕಥೆಯೂ ಆ ಲೆಕ್ಕಕ್ಕೆ ಬರಲಿಲ್ಲ ಬಿಡಿ.

ಮೊದಲ ಸಂಚಿಕೆಯ ಬೆಲೆ 25 ಸೆಂಟ್. ಮಾಮೂಲಿ ಪಲ್ಪ್‌ಗಿಂತ ದೊಡ್ಡ ಅಳತೆ, 96 ಪುಟ. ರಕ್ಷಾಪುಟದಲ್ಲಿ ಜನ ಹಿಮದ ಮೇಲೆ ಜಾರಾಡುತ್ತಿದ್ದಾರೆ, ಹಿಂದೆ ಆಕಾಶದ ತುಂಬ ಬಳೆ ತೊಟ್ಟ ಶನಿ. ವರ್ನ್ ಅವರ ಧೂಮಕೇತುವಿನ ಕಥೆಗೆ ಬರೆದ ಚಿತ್ರ ಅದು. ನನಗೆ ಈ ಚಿತ್ರ ತುಂಬ ಇಷ್ಟ. ಅಷ್ಟು ದೂರ ಹೋದರೂ ಜನ ಹೆದರಿ ಕೂತಿಲ್ಲ, ಆಡುತ್ತಿದ್ದಾರೆ.

ಮೇಷ್ಟ್ರೇ, ಪಿತಾಮಹ ಅನ್ನುವ ಪದ ಬೇಡ ಅನ್ನಿ, ನಾನೂ ಬಿಡುತ್ತೇನೆ. ಕಟ್ಟೆ ಹಾಕಿದವರು ಅನ್ನೋಣ. ಅರಳಿಮರ ಮೊದಲೇ ಇತ್ತು. ಜನ ಬಂದು ಕೂತು ಮಾತಾಡುವುದಕ್ಕೆ ಕಟ್ಟೆ ಬೇಕಿತ್ತು.

ಆ ಚಿತ್ರಗಳನ್ನು ಬರೆದವರು ಯಾರು? ನಾನು ಮೂವತ್ತು ವರ್ಷದಿಂದ ಪ್ರೆಸ್ಸಿನಲ್ಲಿ ಇದ್ದೇನೆ, ಆ ಬಣ್ಣ ನೋಡಿ ಕೇಳಬೇಕು ಅನಿಸಿತು.
– ಮುದ್ರಣ ಕೆಲಸಗಾರರು, ಅಶೋಕ ರಸ್ತೆ, ಮೈಸೂರು

ಫ್ರಾಂಕ್ ಆರ್. ಪಾಲ್. ಆಸ್ಟ್ರಿಯಾದಲ್ಲಿ ಹುಟ್ಟಿದವರು, ಕಟ್ಟಡ ವಿನ್ಯಾಸ ಕಲಿತವರು. ಅದಕ್ಕೇ ಅವರ ಚಿತ್ರದಲ್ಲಿ ಮನುಷ್ಯರು ಗೊಂಬೆಗಳ ಥರ ನಿಂತಿರುತ್ತಾರೆ, ಆದರೆ ಊರು, ಯಂತ್ರ, ಗೋಪುರಗಳು ಮಾತ್ರ ನಾಳೆಯೇ ಕಟ್ಟಬಹುದು ಅನ್ನುವಷ್ಟು ಖಚಿತ. ಕೆಂಪು, ಹಳದಿ ಎರಡನ್ನೂ ಕೈಬಿಚ್ಚಿ ಬಳಸುತ್ತಿದ್ದರು. ಮುಂದೆ ದೊಡ್ಡ ವಿಜ್ಞಾನ ಕಥೆಗಾರರಾದ ಆರ್ಥರ್ ಕ್ಲಾರ್ಕ್ ಇಂಗ್ಲೆಂಡಿನಲ್ಲಿ ಹುಡುಗನಾಗಿದ್ದಾಗ ನೋಡಿದ ಮೊದಲ ವಿಜ್ಞಾನ ಕಥೆ ಪತ್ರಿಕೆ 1928ರ ನವೆಂಬರ್‌ನ 'ಅಮೇಜಿಂಗ್'. ಅದರ ಮೇಲೆ ಪಾಲ್ ಬರೆದ ಗುರುಗ್ರಹ ಇತ್ತು. ಆ ಚಿತ್ರವನ್ನು ಕ್ಲಾರ್ಕ್ ಮುದುಕರಾಗುವವರೆಗೂ ಮರೆಯಲಿಲ್ಲ. ಒಳಗಿನ ಜಾಹೀರಾತು ನೋಡಿದರೆ ಓದುಗರು ಯಾರು ಅಂತ ಗೊತ್ತಾಗುತ್ತದೆ: ಅಂಚೆಯ ಮೂಲಕ ರೇಡಿಯೊ ಕಲಿಯಿರಿ, ಮೈಕಟ್ಟು ಬೆಳೆಸಿಕೊಳ್ಳಿ, ಮನೆಯಲ್ಲೇ ಸಂಪಾದಿಸಿ. ಕೆಲಸ ಹುಡುಕುತ್ತಿದ್ದ ಹುಡುಗರು ಅವರು.

ಬರೆದವರಿಗೆ ದುಡ್ಡು ಸಿಗುತ್ತಿತ್ತಾ?
– ಮದ್ದೂರು

ಪದಕ್ಕೆ ಇಷ್ಟು ಅಂತ ಲೆಕ್ಕ. ಗರ್ನ್ಸ್‌ಬ್ಯಾಕ್ ಕೊಡುತ್ತಿದ್ದದ್ದು ಕಮ್ಮಿ, ಅದೂ ಪ್ರಕಟವಾದ ಮೇಲೆ, ಎಷ್ಟೋ ಸಲ ಕೇಳಿ ಕೇಳಿ ಸಾಕಾದ ಮೇಲೆ. 1927ರ ಸೆಪ್ಟೆಂಬರ್‌ನಲ್ಲಿ ಎಚ್. ಪಿ. ಲವ್‌ಕ್ರಾಫ್ಟ್ ಅವರ ಬಾವಿಯ ಪಕ್ಕ ಬಿದ್ದ ಉಲ್ಕೆಯ ಕಥೆ 'ಅಮೇಜಿಂಗ್'ನಲ್ಲಿ ಬಂತು. ಅವರ ಅತ್ಯುತ್ತಮ ಕಥೆಗಳಲ್ಲಿ ಅದೊಂದು. ಸಿಕ್ಕಿದ್ದು 25 ಡಾಲರ್. ಸಿಟ್ಟಿಗೆ ಅವರು ಸಂಪಾದಕರಿಗೆ 'ಹ್ಯೂಗೊ ದಿ ರ‍್ಯಾಟ್' ಅಂತ ಹೆಸರಿಟ್ಟರು. 1930ರ ಜನವರಿಯಲ್ಲಿ ಶುರುವಾದ 'ಅಸ್ಟೌಂಡಿಂಗ್' ಕಥೆ ಒಪ್ಪಿದ ಕೂಡಲೇ ಪದಕ್ಕೆ 2 ಸೆಂಟ್ ಕೊಡತೊಡಗಿತು. ಬರೆಯುವವರು ಅತ್ತ ಹೋದರು. ಸಹಜ ತಾನೇ. ಕಟ್ಟೆ ಕಟ್ಟಿದವರನ್ನು ನಾನು ಮೇಲೆ ಹೊಗಳಿದೆ. ಆದರೆ ಬರೆದವರ ಕೂಲಿ ಹಿಡಿದಿಟ್ಟದ್ದು ತಪ್ಪೇ.

ಇಂಟರ್ನೆಟ್‌ನಲ್ಲಿ ಆ ಕಾಲದ ಎರಡು ಕಥೆ ಓದಿದೆ. ಪಾತ್ರಗಳಿಗೆ ಜೀವ ಇಲ್ಲ, ಪುಟಗಟ್ಟಲೆ ಯಂತ್ರದ ವರ್ಣನೆ. ನಿಜವಾಗಿ ಚೆನ್ನಾಗಿರುವುದು ಯಾವುದಾದರೂ ಇದೆಯಾ, ಅಥವಾ ಹಳೆಯದು ಅಂತ ಹೊಗಳುವುದಾ?
– ಕುವೆಂಪುನಗರ, ಮೈಸೂರು

ನೀವು ಓದಿದ್ದು ಯಾವುದು ಅಂತ ಬರೆದಿಲ್ಲ, ಆದರೆ ನಿಮ್ಮ ದೂರು ಸರಿ. ಜಾಸ್ತಿ ಕಥೆಗಳು ಹಾಗೇ ಇವೆ. ವಿಜ್ಞಾನಿಯೊಬ್ಬ ಇರುತ್ತಾನೆ, ಅವನಿಗೊಬ್ಬ ಮಗಳು ಇರುತ್ತಾಳೆ, ಒಬ್ಬ ಯುವಕ ಬಂದು 'ಇದು ಹೇಗೆ ಕೆಲಸ ಮಾಡುತ್ತದೆ' ಅಂತ ಕೇಳುತ್ತಾನೆ, ವಿಜ್ಞಾನಿ ಮೂರು ಪುಟ ಉತ್ತರ ಹೇಳುತ್ತಾನೆ. ಇಂಥವನ್ನು ಬಿಟ್ಟು ಮುಂದೆ ಹೋಗಿ.

ನಾನು ಮೊದಲು ಕೈಗೆ ಕೊಡುವುದು ಸ್ಟ್ಯಾನ್ಲಿ ವೈನ್‌ಬಾಮ್ ಅವರ 'ಎ ಮಾರ್ಷಿಯನ್ ಒಡಿಸ್ಸಿ'. 1934ರ ಜುಲೈ, 'ವಂಡರ್ ಸ್ಟೋರೀಸ್'. ಮಂಗಳದಲ್ಲಿ ರಾಕೆಟ್ ಕೆಟ್ಟು ಒಬ್ಬ ಮನುಷ್ಯ ನಡೆದು ಬರಬೇಕಾಗುತ್ತದೆ. ದಾರಿಯಲ್ಲಿ ಉಷ್ಟ್ರಪಕ್ಷಿಯ ಹಾಗೆ ಕಾಣುವ ಒಂದು ಜೀವಿ ಜೊತೆಯಾಗುತ್ತದೆ, ಹೆಸರು ಟ್ವೀಲ್. ಅದುವರೆಗೆ ಕಥೆಗಳಲ್ಲಿ ಬೇರೆ ಗ್ರಹದವರು ಅಂದರೆ ಒಂದೋ ರಾಕ್ಷಸರು, ಇಲ್ಲ ಬಣ್ಣ ಬಳಿದುಕೊಂಡ ಮನುಷ್ಯರು. ಟ್ವೀಲ್ ಎರಡೂ ಅಲ್ಲ. ಅದಕ್ಕೆ ಬುದ್ಧಿ ಇದೆ, ಆದರೆ ಅದು ನಮ್ಮ ಬುದ್ಧಿಯ ಥರದ್ದಲ್ಲ. ಇಬ್ಬರೂ ಮಾತು ಕಲಿಯಲು ಒದ್ದಾಡುತ್ತಾರೆ. ಮನುಷ್ಯ ಅದರ ಭಾಷೆಯ ಒಂದು ಪದವನ್ನೂ ಹಿಡಿಯಲಾರ, ಅದು ಇವನ ನಾಲ್ಕಾರು ಪದ ಕಲಿತು ಅಷ್ಟರಲ್ಲೇ ಏನೇನೋ ಹೇಳಿಬಿಡುತ್ತದೆ. ಅಲ್ಲೇ ಇನ್ನೊಂದು ಜೀವಿ ಬರುತ್ತದೆ, ಮೈಯೆಲ್ಲ ಮರಳಿನ ಸಿಲಿಕಾ. ಕೂತಲ್ಲೇ ಕೂತು ಹತ್ತು ನಿಮಿಷಕ್ಕೊಮ್ಮೆ ಒಂದು ಇಟ್ಟಿಗೆ ಹೊರಹಾಕುತ್ತದೆ, ಆ ಇಟ್ಟಿಗೆಯಿಂದಲೇ ತನ್ನ ಸುತ್ತ ಗೋಪುರ ಕಟ್ಟಿಕೊಳ್ಳುತ್ತದೆ, ಗೋಪುರ ಮುಗಿದರೆ ಒಡೆದು ಮುಂದೆ ಹೋಗಿ ಇನ್ನೊಂದು. ಲಕ್ಷಾಂತರ ವರ್ಷದಿಂದ ಇದೇ ಕೆಲಸ. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮಡಿಚಿಟ್ಟು ಹೊರಗೆ ಬಂದು ಸುಮ್ನೆ ಜಗಲಿ ಮೇಲೆ ಕೂತಿದ್ದೆ. ವೈನ್‌ಬಾಮ್ ಇದಾದ ಮರುವರ್ಷ, 1935ರ ಡಿಸೆಂಬರ್‌ನಲ್ಲಿ, 33ನೇ ವಯಸ್ಸಿಗೇ ತೀರಿಕೊಂಡರು.

ಆಮೇಲೆ ಸಿ. ಎಲ್. ಮೂರ್ ಅವರ 'ಷಾಂಬ್ಲೂ' ಓದಿ, 1933ರ ನವೆಂಬರ್‌ನ 'ವಿಯರ್ಡ್ ಟೇಲ್ಸ್'ನದು. ಅದನ್ನು ರಾತ್ರಿ ಓದಬೇಡಿ. 1937ರ ಕೊನೆಯಲ್ಲಿ ಜಾನ್ ಕ್ಯಾಂಬೆಲ್ 'ಅಸ್ಟೌಂಡಿಂಗ್' ಸಂಪಾದಕರಾದ ಮೇಲೆ ಬರವಣಿಗೆ ಬಿಗಿಯಾಗುತ್ತದೆ. 1939ರ ಜುಲೈ, ಆಗಸ್ಟ್ ಎರಡೇ ಸಂಚಿಕೆಗಳಲ್ಲಿ, ಮುಂದೆ ದೊಡ್ಡ ಹೆಸರಾದ ಅಸಿಮೊವ್, ವ್ಯಾನ್ ವೋಟ್, ಹೈನ್‌ಲೈನ್ ಮೂವರ ಕಥೆಗಳು ಕಾಣಿಸಿಕೊಂಡವು. ಯಂತ್ರದ ವರ್ಣನೆ ಸಾಕಾಗಿದ್ದರೆ ಅಲ್ಲಿಂದ ಶುರು ಮಾಡಿ.

ತಾತ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಕೊಂಡ 'ಅಸ್ಟೌಂಡಿಂಗ್' ಪತ್ರಿಕೆಗಳು ಆರು ಟ್ರಂಕಿನಲ್ಲಿ ಸಿಕ್ಕಿವೆ. ಬೆಲೆ ಷಿಲಿಂಗ್‌ನಲ್ಲಿದೆ. ಪುಟ ತಿರುಗಿಸಿದರೆ ಅಂಚು ಹಪ್ಪಳದ ಹಾಗೆ ಮುರಿಯುತ್ತದೆ. ಇವಕ್ಕೆ ಬೆಲೆ ಬರುತ್ತದಾ? ಉಳಿಸುವುದು ಹೇಗೆ? ಅಮ್ಮ ಬೇವಿನೆಣ್ಣೆ ಸವರು ಅನ್ನುತ್ತಿದ್ದಾರೆ.
– ಶ್ರೀರಂಗಪಟ್ಟಣ

ಮೊದಲು ಅಮ್ಮನಿಗೆ ಹೇಳಿ, ಎಣ್ಣೆ ಖಂಡಿತ ಬೇಡ! ಅವರು ಹೇಳಿದ್ದರ ಹಿಂದೆ ಒಂದು ತಿಳಿವಳಿಕೆ ಇದೆ. ತಾಳೆಗರಿಗೆ ಎಣ್ಣೆ ಸವರುತ್ತಾರೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ನೂರಾರು ವರ್ಷದ ಗರಿಗಳು ಹಾಗೆ ಆರೈಕೆ ಮಾಡಿದ್ದರಿಂದಲೇ ಮೃದುವಾಗಿ ಉಳಿದಿವೆ. ಶಾಮಶಾಸ್ತ್ರಿಗಳಿಗೆ ಅರ್ಥಶಾಸ್ತ್ರ ಸಿಕ್ಕಿದ್ದು ಅಂಥ ಗರಿಗಳಲ್ಲೇ. ಆದರೆ ಕಾಗದ ಎಣ್ಣೆ ಕುಡಿಯುತ್ತದೆ, ಕಲೆಯಾಗುತ್ತದೆ, ಅಕ್ಷರ ಮಸುಕಾಗುತ್ತದೆ.

ಮುರಿಯುತ್ತಿರುವುದಕ್ಕೆ ಕಾರಣ ಹುಳ ಅಲ್ಲ. ಮೊದಲ ಉತ್ತರದಲ್ಲಿ ಲಿಗ್ನಿನ್ ಅಂದೆನಲ್ಲ, ಬೆಳಕು ಗಾಳಿ ತಾಗಿದ ಹಾಗೆಲ್ಲ ಅದು ಹಳದಿಯಾಗುತ್ತದೆ, ಆಮ್ಲ ಬಿಡುತ್ತದೆ. ಕಾಗದ ಮಾಡುವಾಗ ಹಾಕಿದ ಪಟಿಕದಿಂದಲೂ ಆಮ್ಲ ಸೇರಿರುತ್ತದೆ. ಅದು ಒಳಗಿಂದಲೇ ನಾರನ್ನು ತುಂಡು ಮಾಡುತ್ತದೆ. ಇದನ್ನು ಮನೆಯಲ್ಲಿ ವಾಸಿ ಮಾಡಲಾಗದು, ನಿಧಾನ ಮಾಡಬಹುದು.

ಒಂದೊಂದು ಪುಟವನ್ನೂ ಫೋನಿನಲ್ಲೇ ಫೋಟೊ ತೆಗೆದುಬಿಡಿ, ಈ ವಾರವೇ. ಪತ್ರಿಕೆಯನ್ನು ಪೂರ್ತಿ 180 ಡಿಗ್ರಿ ಬಿಚ್ಚಬೇಡಿ, ಬೆನ್ನು ಸೀಳುತ್ತದೆ. ಕೈ ತೊಳೆದು, ಚೆನ್ನಾಗಿ ಒರೆಸಿ ಮುಟ್ಟಿ. ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಟೇಪಿನ ಅಂಟು ಕೆಲವೇ ವರ್ಷದಲ್ಲಿ ಕಂದು ಕಲೆಯಾಗಿ ಕೂರುತ್ತದೆ. ಆಮ್ಲ ಇಲ್ಲದ ಕಾಗದದ ಹೊದಿಕೆ ಕಲಾ ಸಾಮಗ್ರಿ ಅಂಗಡಿಯಲ್ಲಿ ಕೇಳಿ ತನ್ನಿ. ಒಂದೊಂದು ಪತ್ರಿಕೆಗೂ ಒಂದು ಹೊದಿಕೆ, ಎಲ್ಲವನ್ನೂ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಡಿ. ಅಟ್ಟದ ಮೇಲೆ ಬೇಡ, ಬೇಸಿಗೆಯಲ್ಲಿ ಅಲ್ಲಿ ಕಾವು ಜಾಸ್ತಿ. ಕಾವೇರಿ ಹತ್ತಿರದ ಮನೆಯಾದರೆ ಮಳೆಗಾಲದ ತೇವದ ಕಡೆ ಗಮನ ಇರಲಿ. ಗೋಡೆಗೆ ತಾಗಿಸದೆ, ಬಿಸಿಲು ಬೀಳದ ಒಳಕೋಣೆಯಲ್ಲಿಡಿ. ಬಜೆ ಬೇರಿನ ತುಂಡು ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿಟ್ಟರೆ ಅಮ್ಮನಿಗೂ ಸಮಾಧಾನ.

ಬೆಲೆಯ ವಿಷಯ. ಷಿಲಿಂಗ್ ಇದೆ ಅಂದರೆ ಅದು ಬ್ರಿಟಿಷ್ ಮರುಮುದ್ರಣ. 1939ರಿಂದ 1963ರವರೆಗೆ ಲಂಡನ್ನಿನಿಂದ ಬರುತ್ತಿತ್ತು, ಅಮೆರಿಕದ ಸಂಚಿಕೆಗಿಂತ ಕಥೆಗಳು ಕಮ್ಮಿ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಹಳೆ ಪುಸ್ತಕದ ಅಂಗಡಿಯಲ್ಲಿ ನನಗೂ ಒಂದು ಸಿಕ್ಕಿತ್ತು, ಈಗಲೂ ಇದೆ. ದೊಡ್ಡ ದುಡ್ಡು ಬರುವುದಿಲ್ಲ. ಆದರೆ ನಿಮ್ಮ ತಾತ ಎಲ್ಲಾದರೂ ಪೆನ್ಸಿಲ್ ಗೆರೆ ಎಳೆದಿದ್ದಾರಾ ನೋಡಿ. ನನ್ನ ಪ್ರತಿಯಲ್ಲಿ ಯಾರೋ ಒಬ್ಬರು ಒಂದು ಕಥೆಯ ಕೊನೆಗೆ ಕನ್ನಡದಲ್ಲಿ 'ಸುಳ್ಳು ಲೆಕ್ಕ' ಅಂತ ಬರೆದು, ಪಕ್ಕದಲ್ಲೇ ಸರಿ ಲೆಕ್ಕ ಮಾಡಿ ತೋರಿಸಿದ್ದಾರೆ. ಅವರು ಯಾರು ಅಂತ ತಿಳಿಯುವ ಆಸೆ ನನಗೆ ಇವತ್ತಿಗೂ ಹೋಗಿಲ್ಲ.

ಒಂದು ಕಥೆಯಲ್ಲಿ ಅಣುಬಾಂಬ್ ಮೊದಲೇ ಬಂದಿತ್ತು, ಪೊಲೀಸರು ಬಂದರು ಅನ್ನುತ್ತಾರೆ. ನಿಜವಾ?
– ನಂಜನಗೂಡು

ನಿಜ. 1944ರ ಮಾರ್ಚ್‌ನ 'ಅಸ್ಟೌಂಡಿಂಗ್'ನಲ್ಲಿ ಕ್ಲೀವ್ ಕಾರ್ಟ್‌ಮಿಲ್ ಬರೆದ 'ಡೆಡ್‌ಲೈನ್'. ಯುರೇನಿಯಂ 235ರಿಂದ ಮಾಡಿದ ಬಾಂಬ್ ಅದರಲ್ಲಿತ್ತು. ಹಿರೋಷಿಮಾಕ್ಕೆ ಇನ್ನೂ ಒಂದೂವರೆ ವರ್ಷ ಇತ್ತು. ಗುಪ್ತಚರರು ಸಂಪಾದಕರನ್ನೂ ಲೇಖಕರನ್ನೂ ವಿಚಾರಿಸಿದರು. ಆದರೆ ಗುಟ್ಟು ಯಾವುದೂ ಸೋರಿರಲಿಲ್ಲ, ಯುದ್ಧಕ್ಕೆ ಮುಂಚೆ ವಿಜ್ಞಾನ ಪತ್ರಿಕೆಗಳಲ್ಲಿ ಎಲ್ಲರೂ ಓದುವ ಹಾಗೆ ಬಂದಿದ್ದ ವಿಷಯವೇ ಅದು. ಕಥೆ ಮಾತ್ರ ಸಾಧಾರಣ.

ಮಗನಿಗೆ 13 ವರ್ಷ. ಈ ಪತ್ರಿಕೆಗಳ ಸ್ಕ್ಯಾನ್ ಓದುತ್ತಾನೆ. ರಕ್ಷಾಪುಟದಲ್ಲಿ ಅರೆಬಟ್ಟೆಯ ಹೆಂಗಸರು ಕಿರುಚುತ್ತಿರುತ್ತಾರೆ, ಹಿಂದೆ ಕಣ್ಣು ಬಿಟ್ಟ ಪ್ರಾಣಿ. ಓದಲು ಬಿಡಲಾ?
– ತಾಯಿ, ಕೆ. ಆರ್. ನಗರ

ಬಿಡಿ, ಆದರೆ ಜೊತೆಗೆ ಕೂತು ಒಂದೆರಡನ್ನು ನೀವೂ ಓದಿ. ರಕ್ಷಾಪುಟದ ಆ ಹೆಂಗಸು ಎಷ್ಟೋ ಸಲ ಒಳಗಿನ ಕಥೆಯಲ್ಲಿ ಇರುವುದೇ ಇಲ್ಲ, ಮಾರಾಟಕ್ಕೆ ಹಾಕಿದ್ದು. ನನಗೆ ಅದಕ್ಕಿಂತ ಚಿಂತೆ ಬೇರೆ. 1928ರ ಆಗಸ್ಟ್‌ನ 'ಅಮೇಜಿಂಗ್'ನಲ್ಲಿ ಬಂದು, ಆಮೇಲೆ 'ಬಕ್ ರೋಜರ್ಸ್' ಅಂತ ಕಾಮಿಕ್ಸ್ ಆದ ಆ ಕಥೆಯಲ್ಲಿ ಶತ್ರುಗಳು ಯಾರು ಗೊತ್ತಾ? ಏಷ್ಯಾದವರು. ಆ ಕಾಲದ ಅಮೆರಿಕದ ಭಯ, ದ್ವೇಷ ಎಲ್ಲ ಈ ಪುಟಗಳಲ್ಲಿ ಹಾಗೇ ಇದೆ. ನಮ್ಮ ಮೈಬಣ್ಣದವರು ಬಂದರೆ ಒಂದೋ ಆಳು, ಇಲ್ಲ ಖಳ. ಅದನ್ನು ಮಗನಿಗೆ ತೋರಿಸಿ, 'ಇವರು ಯಾಕೆ ಹೀಗೆ ಬರೆದರು' ಅಂತ ಕೇಳಿ. 13 ವರ್ಷಕ್ಕೆ ಇದು ಅರ್ಥವಾಗುತ್ತದೆ.

ಹೆಂಗಸರು ಬರೆದದ್ದನ್ನೂ ಕೊಡಿ. ಕ್ಲೇರ್ ವಿಂಗರ್ ಹ್ಯಾರಿಸ್ ಒಂದು ಸ್ಪರ್ಧೆಗೆ ಕಳಿಸಿದ ಕಥೆ ಮೂರನೇ ಬಹುಮಾನ ಪಡೆದು 1927ರ ಜೂನ್‌ನ 'ಅಮೇಜಿಂಗ್'ನಲ್ಲಿ ಬಂತು. ಅದರಲ್ಲಿ ಮಂಗಳದವರು ಭೂಮಿಯ ನೀರು ಕದಿಯುತ್ತಾರೆ. ನೀರಿನ ಜಗಳ ನಮಗೆ ಹೇಳಿಕೊಡಬೇಕಾ!

ಇನ್ನೊಂದು ವಿಷಯ, ನಿಮ್ಮ ಪ್ರಶ್ನೆ ಓದಿ ನೆನಪಾಯಿತು. ಅಸಿಮೊವ್ ಅವರ ತಂದೆಗೆ ಬ್ರೂಕ್ಲಿನ್‌ನಲ್ಲಿ ಮಿಠಾಯಿ ಅಂಗಡಿ. ಅಂಗಡಿಯಲ್ಲೇ ಈ ಪತ್ರಿಕೆಗಳು ಮಾರಾಟಕ್ಕಿದ್ದರೂ ಹುಡುಗನಿಗೆ ಮುಟ್ಟಲು ಬಿಡುತ್ತಿರಲಿಲ್ಲ. 1929ರಲ್ಲಿ 'ಸೈನ್ಸ್ ವಂಡರ್ ಸ್ಟೋರೀಸ್' ಬಂದಾಗ ಒಂಬತ್ತು ವರ್ಷದ ಹುಡುಗ ಹೆಸರಿನಲ್ಲಿದ್ದ 'ಸೈನ್ಸ್' ಪದ ತೋರಿಸಿ ಅಪ್ಪನನ್ನು ಒಪ್ಪಿಸಿದ.

ಕಾಲೇಜು ಸಂಚಿಕೆಗೆ ಕೆಲವನ್ನು ಕನ್ನಡಕ್ಕೆ ತರುವ ಆಸೆ. ಹಕ್ಕಿನ ತೊಂದರೆ ಇದೆಯಾ?
– ಕನ್ನಡ ಉಪನ್ಯಾಸಕರು, ಪಾಂಡವಪುರ

ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆಯಬೇಕು. ವೆಲ್ಸ್ ತೀರಿಕೊಂಡದ್ದು 1946ರಲ್ಲಿ, ಲವ್‌ಕ್ರಾಫ್ಟ್ 1937, ವೈನ್‌ಬಾಮ್ 1935. ಇವರನ್ನು ಧೈರ್ಯವಾಗಿ ತನ್ನಿ. ಅಸಿಮೊವ್, ಕ್ಲಾರ್ಕ್, ಮೂರ್ ಈಗ ಬೇಡ. ಟ್ವೀಲ್‌ನ ಆ ಅರೆಬರೆ ಮಾತು ಮಂಡ್ಯದ ಕನ್ನಡದಲ್ಲಿ ಹೇಗೆ ಕೇಳಿಸಬಹುದು ಅಂತ ನನಗೆ ಕುತೂಹಲ. ಅನುವಾದ ಆದಾಗ ಒಂದು ಪ್ರತಿ ಕಳಿಸಿ, ದಯವಿಟ್ಟು.

ನಮ್ಮ ದೇಶದಲ್ಲಿ ಇಂಥ ಪತ್ರಿಕೆ ಇರಲಿಲ್ಲವೇ?
– ಸರಸ್ವತಿಪುರಂ, ಮೈಸೂರು

ಕಥೆಗಳು ಇದ್ದವು. ಜಗದೀಶ್ಚಂದ್ರ ಬೋಸರು 1896ರಲ್ಲಿ, ತಲೆಗೆ ಹಚ್ಚುವ ಎಣ್ಣೆ ಸುರಿದು ಚಂಡಮಾರುತ ಅಡಗಿಸುವ ಕಥೆ ಬಂಗಾಳಿಯಲ್ಲಿ ಬರೆದರು. ರೊಕೇಯಾ ಬೇಗಂ ಅವರು 1905ರಲ್ಲಿ ಮದರಾಸಿನ ಒಂದು ಪತ್ರಿಕೆಯಲ್ಲಿ, ಹೆಂಗಸರೇ ಆಳುವ, ಸೂರ್ಯನ ಶಾಖದಿಂದ ಅಡುಗೆ ಮಾಡುವ ದೇಶದ ಕಥೆ ಬರೆದರು. ಗರ್ನ್ಸ್‌ಬ್ಯಾಕ್‌ಗಿಂತ ಎರಡು ದಶಕ ಮೊದಲು! ವಿಜ್ಞಾನ ಕಥೆಗಳಿಗೇ ಮೀಸಲಾದ ಪತ್ರಿಕೆ 'ಆಶ್ಚರ್ಯ' 1963ರಲ್ಲಿ ಬಂಗಾಳಿಯಲ್ಲಿ ಬಂತು. ಕನ್ನಡದಲ್ಲಿ 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 'ವಿಜ್ಞಾನ' ಪತ್ರಿಕೆ ತಂದರು, ಅದು ಲೇಖನಗಳಿಗೆ. ನಮ್ಮ ವಿಜ್ಞಾನ ಕಥೆಗಳು ವಾರಪತ್ರಿಕೆ, ಮಾಸಪತ್ರಿಕೆಗಳ ನಡುಪುಟದಲ್ಲಿ ಬೆಳೆದವು. ರಾಜಶೇಖರ ಭೂಸನೂರಮಠರನ್ನು ಓದದಿದ್ದರೆ ಮೊದಲು ಅವರನ್ನು ಓದಿ.

ಮೇಡಂ, ಕಥೆಗಳಿಗಿಂತ ಆ ಪತ್ರಿಕೆಗಳ ಓದುಗರ ಪುಟವೇ ದೊಡ್ಡದು ಅಂತ ಬರೆದಿದ್ದಿರಿ. ಅದು ಹೇಗೆ?
– ವಿಜಯನಗರ, ಮೈಸೂರು

ಈ ಪ್ರಶ್ನೆಗಾಗಿ ಕಾಯುತ್ತಿದ್ದೆ. 'ಅಮೇಜಿಂಗ್'ನಲ್ಲಿ 'ಡಿಸ್ಕಷನ್ಸ್' ಅಂತ ಒಂದು ಪುಟ. ಓದುಗರ ಕಾಗದಗಳನ್ನು ಅಲ್ಲಿ ಹಾಕುತ್ತಿದ್ದರು, ಬರೆದವರ ಹೆಸರು ಮತ್ತು ಪೂರ್ತಿ ವಿಳಾಸದ ಜೊತೆ. ಅಷ್ಟೇ. ಆದರೆ ಅದರಿಂದ ಏನಾಯಿತು ನೋಡಿ. ಒಂದು ಸಣ್ಣ ಊರಿನಲ್ಲಿ ಒಬ್ಬ ಹುಡುಗ ಇಂಥದ್ದು ಓದುವವನು ತಾನೊಬ್ಬನೇ ಅಂದುಕೊಂಡಿರುತ್ತಾನೆ. ಮನೆಯಲ್ಲಿ ಬೈಗುಳ, ಶಾಲೆಯಲ್ಲಿ ನಗು. ಒಂದು ದಿನ ಪತ್ರಿಕೆ ಬಿಚ್ಚಿದರೆ ತನ್ನ ಹಾಗೆಯೇ ಯೋಚಿಸುವ ಇನ್ನೊಬ್ಬನ ಕಾಗದ ಕಾಣುತ್ತದೆ, ವಿಳಾಸ ನೋಡಿದರೆ ಪಕ್ಕದ ಊರು! ಅವರು ನೇರವಾಗಿ ಕಾಗದ ಬರೆದುಕೊಳ್ಳತೊಡಗಿದರು. ಭೇಟಿಯಾದರು. ಸಂಘ ಕಟ್ಟಿದರು. ಸೈಕ್ಲೋಸ್ಟೈಲ್ ಯಂತ್ರದಲ್ಲಿ ಕೈಗೆ ಮಸಿ ಮೆತ್ತಿಕೊಂಡು ತಮ್ಮದೇ ಪುಟ್ಟ ಪತ್ರಿಕೆ ಅಚ್ಚು ಹಾಕಿದರು. ಕ್ಲೀವ್‌ಲ್ಯಾಂಡ್‌ನ ಜೆರಿ ಸೀಗಲ್, ಜೋ ಷುಸ್ಟರ್ ಅನ್ನುವ ಇಬ್ಬರು ಹುಡುಗರು ಹೀಗೆ ತೆಗೆದ ಪತ್ರಿಕೆಯಲ್ಲಿ 1933ರ ಜನವರಿಯಲ್ಲಿ ಒಂದು ಕಥೆ ಬಂತು, ಹೆಸರಿನಲ್ಲಿ 'ಸೂಪರ್‌ಮ್ಯಾನ್' ಅನ್ನುವ ಪದ. 1938ರಲ್ಲಿ ಅದೇ ಹೆಸರಿನ ಹೊಸ ನಾಯಕನನ್ನು ಅವರೇ ಜಗತ್ತಿಗೆ ಕೊಟ್ಟರು. 1939ರ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ಓದುಗರ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಹ್ಯೂಗೊ ಗರ್ನ್ಸ್‌ಬ್ಯಾಕ್ ಹೆಸರಿನಲ್ಲಿ ವಿಜ್ಞಾನ ಕಥೆಗಳಿಗೆ 1953ರಿಂದ ಕೊಡುವ ಹ್ಯೂಗೊ ಪ್ರಶಸ್ತಿಯನ್ನು ಇವತ್ತಿಗೂ ಆರಿಸುವವರು ಓದುಗರೇ.

ಆಮೇಲೆ ಪಲ್ಪ್‌ಗಳ ಕಾಲ ಮುಗಿಯಿತು. ಯುದ್ಧದಲ್ಲಿ ಕಾಗದಕ್ಕೆ ಬರ, ಆಮೇಲೆ ಪಾಕೆಟ್ ಪುಸ್ತಕ, ಕಾಮಿಕ್ಸ್, ಟಿವಿ. 'ವಿಯರ್ಡ್ ಟೇಲ್ಸ್' 1954ರಲ್ಲಿ ನಿಂತಿತು. 'ಅಸ್ಟೌಂಡಿಂಗ್' ಮಾತ್ರ 1960ರಲ್ಲಿ 'ಅನಲಾಗ್' ಅಂತ ಹೆಸರು ಬದಲಿಸಿಕೊಂಡು ಮುಂದುವರಿದಿದೆ. ಅಚ್ಚು ಹಾಕಿದ ಕಾಗದ ಪುಡಿಯಾಗುತ್ತಿದೆ. ಓದುಗರು ಬರೆದ ಕಾಗದದಿಂದ ಹುಟ್ಟಿದ ಸಂಘಗಳು ಇನ್ನೂ ಇವೆ. ಅದಕ್ಕೇ ಆ ಪುಟ ದೊಡ್ಡದು ಅಂದೆ.

ಈಗ ಮಂಡ್ಯದ ಹುಡುಗಿಗೆ ಕೊಟ್ಟ ಮಾತು. ಪೂರ್ತಿ ವಿಳಾಸ ಅಚ್ಚು ಹಾಕುವ ಕಾಲ ಇದಲ್ಲ, ನಾವು ಹಾಕುವುದಿಲ್ಲ. ಆದರೆ ನಿನ್ನ ಮನೆಯವರನ್ನೂ, ಶ್ರೀರಂಗಪಟ್ಟಣದ ಟ್ರಂಕಿನ ಮನೆಯವರನ್ನೂ, ಪಾಂಡವಪುರದ ಉಪನ್ಯಾಸಕರನ್ನೂ ಕೇಳಿದ್ದೇನೆ, ಎಲ್ಲರೂ ಒಪ್ಪಿದ್ದಾರೆ. ನಿನ್ನ ಕಾಗದವನ್ನು ಅವರಿಬ್ಬರಿಗೂ ಮೊನ್ನೆ ಅಂಚೆಗೆ ಹಾಕಿದೆ. ಜಯಲಕ್ಷ್ಮೀಪುರಂ ಮೇಷ್ಟ್ರೇ, ನೀವೂ ಬರೆಯುವುದಾದರೆ ತಿಳಿಸಿ.